ಎಸ್‌ಸಿಎ ಸೇರಲು ಮೊದಲೇ ಕವಚ ಕೊಳ್ಳಬೇಕಿಲ್ಲ: ಒಂದು ಸ್ಪಷ್ಟನೆ

ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ, ಅಂದರೆ ಎಸ್‌ಸಿಎ, 17ನೇ ಶತಮಾನಕ್ಕಿಂತ ಹಿಂದಿನ ಕಾಲದ ಉಡುಪು, ಕಲೆ, ಕಾದಾಟಗಳನ್ನು ಹವ್ಯಾಸವಾಗಿ ಮರುಸೃಷ್ಟಿಸುವ ಸಂಘ. ಅಮೆರಿಕದಲ್ಲಿರುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಅದರ ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ. 'ಎಸ್‌ಸಿಎ ಕಾರ್ಯಕ್ರಮಕ್ಕೆ ಹೋಗಲು ಮೊದಲು ಸದಸ್ಯತ್ವ ಬೇಕು, ಸ್ವಂತ ಕವಚ ಬೇಕು, ಕಬ್ಬಿಣದ ಕತ್ತಿ ಬೇಕು' ಅಂತ. ಆ ಮೆಸೇಜಿನ ಮೊದಲ ರೂಪ ಬರೆದವನು ನಾನೇ. ಅದು ತಪ್ಪು. ಕ್ಷಮಿಸಿ.

ಸರಿಯಾದ್ದು ಇಷ್ಟು. ಸಾಮಾನ್ಯವಾಗಿ ಸದಸ್ಯರಲ್ಲದವರೂ ಹೋಗಬಹುದು. ಕೆಲವು ಕಾರ್ಯಕ್ರಮಗಳಲ್ಲಿ ಶುಲ್ಕ ಸ್ವಲ್ಪ ಜಾಸ್ತಿ, ಅಷ್ಟೇ. ಬೇಕಾಗಿರುವುದು 17ನೇ ಶತಮಾನಕ್ಕಿಂತ ಹಿಂದಿನ ಕಾಲದ ಉಡುಪು ಹಾಕುವ ಒಂದು ಪ್ರಯತ್ನ. ಅದು ಪಕ್ಕಾ ಇರಬೇಕಿಲ್ಲ. ಸರಳವಾದ ಉದ್ದ ನಿಲುವಂಗಿ, ಸೊಂಟಕ್ಕೊಂದು ಪಟ್ಟಿ ಸಾಕು. ಅದೂ ಇಲ್ಲವೇ? ಹೊಸಬರಿಗೆ ಸಾಲ ಕೊಡಲೆಂದೇ ಹಲವು ಸ್ಥಳೀಯ ಗುಂಪುಗಳು ಬಟ್ಟೆ ಇಟ್ಟುಕೊಂಡಿರುತ್ತವೆ. ಹೊಸಬರನ್ನು ನೋಡಿಕೊಳ್ಳುವ 'ಶಾಟಲೇನ್' ಅನ್ನುವ ಹೊಣೆಗಾರರನ್ನು ಮೊದಲೇ ಕೇಳಿ.

ಕವಚ ಬೇಕಾಗುವುದು ಕಾದಾಡುವವರಿಗೆ ಮಾತ್ರ. ಕವಚದ ಕಾದಾಟದ ಕತ್ತಿ ಕಬ್ಬಿಣದ್ದಲ್ಲ, ಬೆತ್ತದ್ದು. ಆದರೆ ಏಟು ನಿಜವಾದದ್ದು. ಹಾಗಾಗಿ ಶಿರಸ್ತ್ರಾಣದ ಉಕ್ಕು ಸುಮಾರು 1.6 ಮಿ.ಮೀ. ದಪ್ಪವಾದರೂ ಇರಬೇಕು. ತರಬೇತಿ ಮುಗಿಸಿ ಅನುಮತಿ ಪಡೆಯದೆ ಕಣಕ್ಕೆ ಇಳಿಸುವುದಿಲ್ಲ. ಇದು ಒಳ್ಳೆಯ ನಿಯಮ ಅಂತಲೇ ನನ್ನ ಅನಿಸಿಕೆ. ಕಾದಾಟ ಬೇಡದವರಿಗೆ ಅಡುಗೆ, ನೇಯ್ಗೆ, ಕುಣಿತ, ಬಿಲ್ಲುಗಾರಿಕೆ, ಸುಂದರ ಕೈಬರಹ ಎಲ್ಲ ಇದೆ.

ಇಲ್ಲಿ ಹೇಳಿದ ನಿಯಮಗಳು ಎಸ್‌ಸಿಎಯವು. ಬೇರೆ ಸಂಘಗಳ ನಿಯಮ ಬೇರೆ ಇರುತ್ತದೆ, ಅವರನ್ನೇ ಕೇಳಿ. ಹಳೆಯ ಮೆಸೇಜ್ ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡಿ. ಖರ್ಚಿಗೆ ಹೆದರಿ ಸುಮ್ಮನಾದವರು ಯಾರಾದರೂ ಗೊತ್ತಿದ್ದರೆ ಅವರಿಗೆ ಇದನ್ನು ತಿಳಿಸಿ.