ಕೇಳಿದ ಮೇಲೆ ಕಾಯಬೇಕು

ಮೇಲಿನವರು ತಂಡಕ್ಕೆ ಆರ್ಡರ್ ಕೊಡುವ ಬದಲು ಪ್ರಶ್ನೆ ಕೇಳಬೇಕು ಎನ್ನುತ್ತಾರೆ. ನೂರಕ್ಕೆ ನೂರು ನಿಜ. 1999ರಲ್ಲಿ ಅಮೆರಿಕದ ಸಾಂಟಾ ಫೆ ಜಲಾಂತರ್ಗಾಮಿಗೆ ಕ್ಯಾಪ್ಟನ್ ಆಗಿ ಬಂದ ಡೇವಿಡ್ ಮಾರ್ಕೆ ನೆನಪಾದರು. ಒಂದು ತಾಲೀಮಿನಲ್ಲಿ ಅವರು ಜಲಾಂತರ್ಗಾಮಿಯ ಬದಲಿ ವಿದ್ಯುತ್ ಮೋಟರ್‌ನಲ್ಲಿ ಇಲ್ಲವೇ ಇಲ್ಲದ ವೇಗಕ್ಕೆ ಆರ್ಡರ್ ಕೊಟ್ಟರು. ಇಲ್ಲ ಎಂದು ಗೊತ್ತಿದ್ದೂ ಕೆಳಗಿನ ಅಧಿಕಾರಿ ಅದನ್ನೇ ಮುಂದೆ ದಾಟಿಸಿದರು. ಯಾಕೆ ಎಂದು ಮಾರ್ಕೆ ಕೇಳಿದರೆ, 'ನೀವು ಹೇಳಿದಿರಲ್ಲ' ಎಂಬ ಉತ್ತರ! ಆಮೇಲೆ ಮಾರ್ಕೆ, ಸಿಬ್ಬಂದಿಯೇ 'ನಾನು ಹೀಗೆ ಮಾಡಲಿದ್ದೇನೆ' ಎಂದು ಬಂದು ಹೇಳುವ ಪದ್ಧತಿ ತಂದರು.

ನಾನು ಬೆಂಗಳೂರಿನ ಪೀಣ್ಯದಲ್ಲಿ, ಲೋಹದ ಬಿಡಿಭಾಗ ಮಾಡುವ ಒಂದು ಮಷೀನ್ ಶಾಪ್‌ನಲ್ಲಿ ಸೂಪರ್‌ವೈಸರ್. ಬೋರ್ ಸೈಜ್, ಅಂದರೆ ಪೀಸ್‌ನಲ್ಲಿ ಕೊರೆದ ತೂತಿನ ಅಳತೆ, ಆಗಾಗ ಜಾಸ್ತಿ ಬರುತ್ತಿತ್ತು. "ಆಫ್‌ಸೆಟ್ ಬದಲಿಸು" (ಕೊರೆಯುವ ಟೂಲ್‌ನ ಸ್ಥಾನ ತಿದ್ದುವ ಅಂಕಿ) ಎಂದು ಹೇಳಿ ಹೋಗಿಬಿಡುತ್ತಿದ್ದೆ. ಒಂದು ದಿನ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಿತ ಮಷೀನ್, ನಡೆಸುವ ಹುಡುಗನನ್ನು "ಯಾವಾಗ ಹೀಗಾಗುತ್ತೆ, ನಿನಗೇನನ್ನಿಸುತ್ತೆ?" ಎಂದು ಕೇಳಿದೆ. ಅರ್ಧ ನಿಮಿಷ ಮಾತಿಲ್ಲ. ನಾನೂ ಸುಮ್ನೆ ನಿಂತೆ. ಈ ಕಾಯುವುದೇ ಕಷ್ಟ, ಅಲ್ವಾ? "ಊಟ ಆದ ಮೇಲೆ ಮೊದಲ ನಾಲ್ಕೈದು ಪೀಸ್ ಮಾತ್ರ ಸಾರ್. ಮಷೀನ್ ತಣ್ಣಗಾಗಿರುತ್ತೆ" ಎಂದ.

ಅವನಿಗೆ ತಿಂಗಳಿಂದ ಗೊತ್ತಿತ್ತು. ಯಾರೂ ಕೇಳಿರಲಿಲ್ಲ.

ಅವಘಡದ ಹೊತ್ತಿನಲ್ಲಿ ಪ್ರಶ್ನೆ ಬೇಡ, ಎಮರ್ಜೆನ್ಸಿ ಸ್ವಿಚ್ ಒತ್ತು ಎಂದೇ ಹೇಳಬೇಕು. ಉಳಿದಂತೆ ಈಗ ಊಟದ ನಂತರ ಬಿಸಿಯಾಗಲಿ ಎಂದು ಹತ್ತು ನಿಮಿಷ ಮಷೀನ್ ಖಾಲಿ ಓಡಿಸುತ್ತೇವೆ. ಅದು ಅವನದೇ ಐಡಿಯಾ.