ಟಿಕೆಟ್ ಕಿಟಕಿಯ ಮೇಲಿನ ನಕ್ಷತ್ರಗಳು

ಅಪ್ಪಯ್ಯನಿಗೆ ಈಗ ಎಪ್ಪತ್ತಾರು. ಮುಂಬೈಗೆ ಹೋಗಿದ್ದು ಇದೇ ಮೊದಲು. ಮುಂಬೈ ಪಕ್ಕದ ಠಾಣೆ ನಗರದಲ್ಲಿರುವ ತಮ್ಮನ ಮನೆಯ ಗೃಹಪ್ರವೇಶ ಮುಗಿದ ಮಾರನೆಯ ದಿನ, "ಎಲ್ಲಿಗೆ ಹೋಗೋಣ ಅಪ್ಪಯ್ಯ?" ಎಂದು ಕೇಳಿದೆ. ಸಮುದ್ರ ಎನ್ನಲಿಲ್ಲ, ಗೇಟ್‌ವೇ ಎನ್ನಲಿಲ್ಲ. "ಆ ವೀಟಿ ಸ್ಟೇಷನ್ ಒಂದು ತೋರಿಸು ಕೂಸೇ, ಸಾಕು" ಎಂದರು. ಅವರ ದೊಡ್ಡಪ್ಪ ಯಾವುದೋ ಕಾಲದಲ್ಲಿ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವರು. ಊರಿಗೆ ಬಂದಾಗಲೆಲ್ಲ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ವೀಟಿಯ ಗಡಿಯಾರ, ವೀಟಿಯ ಗುಮ್ಮಟ, ವೀಟಿಯ ಜನಜಂಗುಳಿ ಎಂದು ವರ್ಣಿಸುತ್ತಿದ್ದರಂತೆ. ತಾಳಗುಪ್ಪದ ಹತ್ತಿರದ ಹಳ್ಳಿಯಲ್ಲಿ ಅಡಿಕೆ ತೋಟ, ಕೊಟ್ಟಿಗೆ ಎಂದು ಬದುಕು ಸವೆಸಿದ ಅಪ್ಪಯ್ಯ ಅರವತ್ತು ವರ್ಷ ಆ ಚಿತ್ರವನ್ನು ತಲೆಯಲ್ಲಿ ಇಟ್ಟುಕೊಂಡಿದ್ದರು ಎಂಬುದು ನನಗೆ ಅಂದೇ ಗೊತ್ತಾದದ್ದು.

ವೀಟಿ ಎಂದರೆ ವಿಕ್ಟೋರಿಯಾ ಟರ್ಮಿನಸ್. ಈಗ ಅದರ ಹೆಸರು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ವಿಕ್ಟೋರಿಯಾ ಹೆಸರು ಹೋದದ್ದು 1996ರಲ್ಲಿ, ಮಹಾರಾಜ್ ಎಂಬುದು ಸೇರಿದ್ದು 2017ರಲ್ಲಿ. ಎದುರಿನ ರಸ್ತೆ ದಾಟಿ ನಿಂತು ನೋಡಿದೆವು. ಗುಮ್ಮಟದ ತುದಿಯಲ್ಲಿ ಎತ್ತಿದ ಕೈಯಲ್ಲಿ ಪಂಜು ಹಿಡಿದ ಹೆಣ್ಣಿನ ಪ್ರತಿಮೆ ಇದೆ, ಪ್ರಗತಿಯ ಸಂಕೇತ. ಹೆಬ್ಬಾಗಿಲಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಸಿಂಹ ಬ್ರಿಟನ್ನಿನದು, ಹುಲಿ ನಮ್ಮದು. ಗೋಡೆಯಲ್ಲಿ ಕಲ್ಲಿನ ನವಿಲು ಗರಿ ಬಿಚ್ಚಿದೆ. ಮೇಲೆ ವಾಣಿಜ್ಯ, ಎಂಜಿನಿಯರಿಂಗ್ ಇವುಗಳಿಗೆ ಒಂದೊಂದು ಶಿಲ್ಪ. ಕೃಷಿಗೂ ಒಂದಿದೆ ಎಂದು ಹೇಳಿದಾಗ ಅಪ್ಪಯ್ಯ ಕೈಯನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ಅದನ್ನೇ ಹುಡುಕಿದರು.

ಇಷ್ಟನ್ನು ಪ್ರವಾಸಿಗರೆಲ್ಲ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ನಾನು ಬರೆಯಬೇಕೆಂದುಕೊಂಡದ್ದು ಒಳಗೆ, ಟಿಕೆಟ್ ತೆಗೆದುಕೊಳ್ಳಲು ನಿಂತಾಗ ಕಂಡದ್ದನ್ನು.

ಲೋಕಲ್ ರೈಲಿನ ಟಿಕೆಟ್ ಕೊಡುವ ಆ ಹಜಾರಕ್ಕೆ ಸ್ಟಾರ್ ಚೇಂಬರ್ ಎಂದು ಹೆಸರು. ಸಾಲು ಉದ್ದವಿತ್ತು. ಮುಂದೆ ಡಬ್ಬಿಗಳ ಕಟ್ಟು ಹೊತ್ತ ಒಬ್ಬರು, ಹಿಂದೆ ಕಾಲೇಜು ಹುಡುಗಿಯರು, ಪಕ್ಕದ ಸಾಲಿನಲ್ಲಿ ಕಂಕುಳಲ್ಲಿ ಮಗುವಿದ್ದ ತಾಯಿ. ಅಪ್ಪಯ್ಯ ತಲೆ ಎತ್ತಿದವರು ಇಳಿಸಲೇ ಇಲ್ಲ. ಚಾವಣಿಯ ತುಂಬ ನಕ್ಷತ್ರಗಳು. ಕಮಾನುಗಳು, ನುಣುಪಾದ ಕಲ್ಲಿನ ಕಂಬಗಳು, ಕೊರೆದ ಮರ, ಕಬ್ಬಿಣ ಮತ್ತು ಹಿತ್ತಾಳೆಯ ಕಸೂತಿಯಂಥ ಕೆಲಸ. ಕೆಳದಿಯ ದೇವಸ್ಥಾನದ ಚಾವಣಿಯಲ್ಲಿ ಗಂಡಭೇರುಂಡವನ್ನು ನೋಡುವಾಗ ಅವರು ಹೀಗೆಯೇ ಕತ್ತು ಎತ್ತಿ ನಿಲ್ಲುತ್ತಾರೆ. "ಇದು ಯಾರ ಕೋಣೆ?" ಎಂದು ಕೇಳಿದರು. ರಾಣಿಯದೋ ಗವರ್ನರನದೋ ಇದ್ದಿರಬೇಕು ಎಂದು ಅವರ ಊಹೆ.

ಯಾರದ್ದೂ ಅಲ್ಲ ಅಪ್ಪಯ್ಯ, ಮೊದಲಿನಿಂದಲೂ ಇದು ಟಿಕೆಟ್ ಕೊಡುವ ಜಾಗವೇ ಎಂದೆ. ಅವರಿಗೆ ನಂಬಿಕೆಯಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅವರ ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಇಷ್ಟು ಚೆಂದದ ಮಾಡಿನ ಕೆಳಗೆ ಸಾಮಾನ್ಯರು ಸಾಲು ನಿಲ್ಲುತ್ತಾರೆ ಎಂಬುದನ್ನು ನಾವು ನಂಬುವುದಿಲ್ಲ. ಚೆಂದ ಎಂಬುದು ದೇವರಿಗೆ, ಅರಸರಿಗೆ, ಈಚೆಗೆ ದುಡ್ಡಿದ್ದವರಿಗೆ ಎಂದು ನಮ್ಮ ಮನಸ್ಸು ಒಪ್ಪಿಬಿಟ್ಟಿದೆ.

ಬ್ರಿಟಿಷರು ನಮ್ಮ ಮೇಲಿನ ಪ್ರೀತಿಯಿಂದ ಇದನ್ನು ಕಟ್ಟಲಿಲ್ಲ, ಅದು ನನಗೂ ಗೊತ್ತು. ಒಳನಾಡಿನ ಹತ್ತಿಯನ್ನು ಬಂದರಿಗೆ ತರುವ ರೈಲು ಕಂಪನಿಗೆ ತನ್ನ ವೈಭವ ತೋರಿಸಿಕೊಳ್ಳಬೇಕಿತ್ತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುಖ್ಯ ಕಚೇರಿಯಾಗಿ ಎಫ್.ಡಬ್ಲ್ಯು. ಸ್ಟೀವನ್ಸ್ ಇದನ್ನು ವಿನ್ಯಾಸ ಮಾಡಿದರು. 1878ರಲ್ಲಿ ಶುರುವಾದ ಕೆಲಸಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. 1887ರಲ್ಲಿ, ರಾಣಿಯ ಆಳ್ವಿಕೆಗೆ ಐವತ್ತು ತುಂಬಿದ ವರ್ಷ, ಅವಳ ಹೆಸರಿಟ್ಟರು. ಇದನ್ನೇ ಹಿಡಿದು "ಗುಲಾಮಗಿರಿಯ ಗುರುತು, ಅದನ್ನೇನು ಹೊಗಳುವುದು" ಎನ್ನುವ ಸ್ನೇಹಿತರು ನನಗಿದ್ದಾರೆ. ಅವರಿಗೆ ನಾನು ಕೇಳುವುದು ಒಂದೇ: ಆ ಕಲ್ಲಿಗೆ ಉಳಿ ಇಟ್ಟವರು ಯಾರು? ಅಲಂಕಾರದ ಕೆಲಸಕ್ಕೆ ಕೈ ಹಾಕಿದ್ದು ಅದೇ ಊರಿನ ಸರ್ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು. ಆ ನವಿಲಿಗೆ ಜೀವ ಬಂದದ್ದು ನಮ್ಮವರ ಕೈಯಿಂದ. ನಕ್ಷೆಯ ಮೇಲೆ ಒಬ್ಬರದೇ ಹೆಸರಿದೆ ಎಂದು ಉಳಿದ ಕೈಗಳನ್ನೆಲ್ಲ ನಾವೇ ಮರೆತರೆ ಅನ್ಯಾಯ ಮಾಡಿದವರು ನಾವಾಗುತ್ತೇವೆ.

ಸಾಗರದ ಗುಡಿಗಾರರ ಕೇರಿಯಲ್ಲಿ ಓಡಾಡಿ ಬೆಳೆದವಳು ನಾನು. ಗಂಧದ ತುಂಡಿನಲ್ಲಿ ಬೆರಳುದ್ದದ ಬಳ್ಳಿಯನ್ನು ಎಲೆ ಎಲೆಯಾಗಿ ಬಿಡಿಸುವ ಕೈಗಳನ್ನು ಹತ್ತಿರದಿಂದ ನೋಡಿದ್ದೇನೆ. ಸಾಗರ, ತಾಳಗುಪ್ಪ, ಆನಂದಪುರ, ಇಷ್ಟು ನಿಲ್ದಾಣಗಳಲ್ಲಿ ಆ ಕೈಯ ಕೆಲಸ ಒಂದು ಬಾಗಿಲಿನ ಚೌಕಟ್ಟಿನ ಮೇಲಾದರೂ ಎದ್ದು ಕಾಣಬೇಡವೇ? ಹೊರಗಿನಿಂದ ಬಂದವರು ಜೋಗಕ್ಕೆ ಹೋಗಲೆಂದು ತಾಳಗುಪ್ಪದಲ್ಲಿ ಇಳಿಯುತ್ತಾರೆ. ಅವರಿಗೆ ನಮ್ಮ ಸೀಮೆಯ ಮೊದಲ ಮುಖ ಆ ನಿಲ್ದಾಣ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಮುಂದೆ ಕುಂಸಿ, ಅರಸಾಳು ದಾಟಿ ಕಾಡಿನೊಳಗಿಂದ ತಾಳಗುಪ್ಪದವರೆಗೆ ಹೋದ ಮೀಟರ್‌ಗೇಜ್ ಹಳಿಯ ಮೇಲೆಯೇ ಅಪ್ಪಯ್ಯನ ತಾರುಣ್ಯ ಕಳೆಯಿತು. ನನ್ನ ನೆನಪಿಗೆ ಇರುವುದು ಅದೇ ಹಳಿಯ ಮೇಲೆ ಓಡುತ್ತಿದ್ದ ರೈಲುಬಸ್ಸು. ಆಮೇಲೆ ಬ್ರಾಡ್‌ಗೇಜ್, ಅಂದರೆ ಅಗಲ ಹಳಿ, ಬಂದದ್ದು ನಮಗೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಇಂದು ಸಂಜೆ ಹತ್ತಿದರೆ ಬೆಳಿಗ್ಗೆ ಬೆಂಗಳೂರಿನಲ್ಲಿರಬಹುದು. ಆದರೆ ನಮ್ಮ ಭಾಗದ ಒಂದು ಸಣ್ಣ ನಿಲ್ದಾಣದಲ್ಲಿ ನನ್ನ ಕಣ್ಣೆದುರಿಗೇ ಹಳೆಯ ಮಂಗಳೂರು ಹಂಚು ಇಳಿಯಿತು, ತೇಗದ ಬೆಂಚು ಹಿಂದಿನ ಬಯಲಿನಲ್ಲಿ ಎರಡು ಮಳೆಗಾಲ ನೆನೆದು ಮಣ್ಣು ಹಿಡಿಯಿತು. ದುಂಡು ಕಂಡಿಯ ಟಿಕೆಟ್ ಕಿಟಕಿ ಏನಾಯಿತೋ, ಕೇಳಿದವರಿಗೆ ಉತ್ತರ ಸಿಗಲಿಲ್ಲ. ಹಂಚು ಹೋದಲ್ಲಿ ತಗಡು ಬಂತು. ಮಲೆನಾಡಿನ ಮಳೆಯಲ್ಲಿ ತಗಡಿನ ಕೆಳಗೆ ನಿಂತವರಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಇಳಿಜಾರು ಮಾಡು, ಉದ್ದನೆಯ ಸೂರು, ಗಾಳಿಯಾಡುವ ಜಗಲಿ, ಇವನ್ನು ನಮ್ಮ ಹಿರಿಯರು ಈ ಮಳೆಗೆಂದೇ ಕಂಡುಕೊಂಡಿದ್ದರು. ಅದನ್ನು ಬಿಟ್ಟು ಬೇರೆ ಯಾವುದೋ ಸೀಮೆಯ ಕಟ್ಟಡವನ್ನು ತಂದು ಇಲ್ಲಿ ನಿಲ್ಲಿಸುವುದನ್ನು ಅಭಿವೃದ್ಧಿ ಎಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ.

ಅರಸಾಳು ಉಳಿಯಿತು. ಶಂಕರ್‌ನಾಗ್ ತಮ್ಮ 'ಮಾಲ್ಗುಡಿ ಡೇಸ್' ಧಾರಾವಾಹಿಯ ನಿಲ್ದಾಣವನ್ನಾಗಿ ಅದನ್ನು ಚಿತ್ರಿಸಿದ್ದರಿಂದ ಉಳಿಯಿತು. 2020ರಲ್ಲಿ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯ ಮಾಡಿದರು. ಹೋಗಿ ಬಂದಿದ್ದೇನೆ, ಮಾಡಿದವರಿಗೆ ಮನಸಾರೆ ಕೈಮುಗಿದಿದ್ದೇನೆ. ಆದರೆ ಕ್ಯಾಮೆರಾದ ಕಣ್ಣು ಬೀಳದ ನಿಲ್ದಾಣಗಳ ಗತಿ ಏನು? ಅಲ್ಲಿಯೂ ಜನ ಮಗಳನ್ನು ಗಂಡನ ಮನೆಗೆ ಕಳಿಸಿದ್ದಾರೆ, ಮಗನನ್ನು ಓದಲು ಕಳಿಸಿ ಕಣ್ಣು ಒರೆಸಿಕೊಂಡಿದ್ದಾರೆ.

ಮುಂಬೈಯ ಆ ನಿಲ್ದಾಣ 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸೇರಿದ ಮಾತ್ರಕ್ಕೆ ಹಗ್ಗ ಕಟ್ಟಿ ದೂರ ನಿಲ್ಲಿ ಎನ್ನಲಿಲ್ಲ. ಹದಿನೆಂಟು ಪ್ಲಾಟ್‌ಫಾರ್ಮ್‌ಗಳಲ್ಲಿ ಒಂದು ರೈಲು ಬಂದರೆ ಇನ್ನೊಂದು ಹೊರಡುತ್ತದೆ. 2008ರ ನವೆಂಬರ್ 26ರ ರಾತ್ರಿ ಇದೇ ನಿಲ್ದಾಣದಲ್ಲಿ ಭಯೋತ್ಪಾದಕರ ಗುಂಡಿಗೆ 58 ಜನ ಪ್ರಾಣ ಬಿಟ್ಟರು. ಧ್ವನಿವರ್ಧಕದ ಮುಂದೆ ಕುಳಿತಿದ್ದ ಉದ್ಘೋಷಕರೊಬ್ಬರು ಜಾಗ ಬಿಟ್ಟು ಏಳದೆ ಪ್ರಯಾಣಿಕರನ್ನು ಎಚ್ಚರಿಸುತ್ತಲೇ ಇದ್ದರು. ಆ ದುಃಖವನ್ನು ಒಡಲಲ್ಲಿಟ್ಟುಕೊಂಡೇ ನಿಲ್ದಾಣ ಮತ್ತೆ ಜನರನ್ನು ಹೊತ್ತಿತು. ಹಳೆಯದನ್ನು ಉಳಿಸಬೇಕಾದದ್ದು ಹೀಗೆ, ಬಳಸುತ್ತಾ ಉಳಿಸಬೇಕು. ಬಳಕೆ ನಿಂತ ಮನೆಗೆ ಗೆದ್ದಲು ಬೇಗ ಎಂಬುದು ನಮ್ಮ ಊರಿನಲ್ಲಿ ಯಾರಿಗೆ ಗೊತ್ತಿಲ್ಲ?

ಪ್ಲಾಟ್‌ಫಾರ್ಮಿಗೆ ಹೋದಾಗ ಅಪ್ಪಯ್ಯ ಹಳಿಯ ಕೊನೆಯನ್ನು ತೋರಿಸಿ, "ಇಲ್ಲಿಯೂ ಹಳಿ ಮುಗಿಯುತ್ತದೆ, ನಮ್ಮ ತಾಳಗುಪ್ಪದ ಹಾಗೆ" ಎಂದರು. ಅಂಥ ಮಹಾನಗರದ ನಡುವೆ ಅವರ ಮುಖದಲ್ಲಿ ಮೊದಲ ಬಾರಿಗೆ ಊರಿನಲ್ಲಿರುವ ನಿರಾಳ ಕಂಡಿತು.

ಠಾಣೆಯ ಲೋಕಲ್ ಹತ್ತಿದೆವು. 1853ರ ಏಪ್ರಿಲ್ 16ರ ಮಧ್ಯಾಹ್ನ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್‌ಗಳು ಹದಿನಾಲ್ಕು ಬೋಗಿ, ಸುಮಾರು ನಾನೂರು ಜನರನ್ನು ಎಳೆದುಕೊಂಡು ವೀಟಿಗೂ ಮೊದಲು ಅಲ್ಲಿದ್ದ ಬೋರಿ ಬಂದರ್ ನಿಲ್ದಾಣದಿಂದ ಹೊರಟದ್ದು ಇದೇ ಠಾಣೆಗೆ, 34 ಕಿಲೋಮೀಟರ್. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು. ಇದನ್ನು ಹೇಳುತ್ತಿದ್ದಂತೆ ಅಪ್ಪಯ್ಯ ಕಿಟಕಿಯ ಕಡೆಗೆ ಸರಿದು ಕುಳಿತರು, ಠಾಣೆ ಬರುವವರೆಗೆ ಮಾತಾಡಲಿಲ್ಲ.

ಊರಿಗೆ ಬಂದ ಮೇಲೆ ರೈಲ್ವೆ ಅಧಿಕಾರಿಗಳಿಗೆ ಕೊಡಲು ಒಂದು ಮನವಿ ಬರೆದಿದ್ದೇನೆ. ಕೇಳಿರುವುದು ಮೂರೇ ವಿಷಯ. ಶಿವಮೊಗ್ಗ-ತಾಳಗುಪ್ಪ ದಾರಿಯಲ್ಲಿ ಉಳಿದಿರುವ ಹಳೆಯ ಕಟ್ಟಡ, ಬೆಂಚು, ಗಂಟೆ ಏನಿದ್ದರೂ ಕೆಡಹುವ ಮೊದಲು ಊರಿನವರನ್ನು ಕೇಳಿ. ಹೊಸದಾಗಿ ಕಟ್ಟುವುದಕ್ಕೆ ಇಳಿಜಾರಿನ ಹಂಚಿನ ಮಾಡು ಇರಲಿ. ನಾಮಫಲಕಕ್ಕೋ ಬಾಗಿಲಿಗೋ ನಮ್ಮ ಗುಡಿಗಾರರನ್ನು ಕರೆಯಿರಿ, ಅವರಿಗೆ ತಕ್ಕ ಕೂಲಿ ಕೊಡಿ. ಸಹಿ ಹಾಕುವ ಮನಸ್ಸಿರುವವರು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ, ಕಾಫಿ ಕುಡಿದೇ ಹೋಗಬಹುದು. ಮೊದಲ ಸಹಿ ಅಪ್ಪಯ್ಯನದು, ಆಗಲೇ ಬಿದ್ದಿದೆ.