ಲಾಡು ಇಲ್ಲದ ತಿರುಪತಿ

ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ರೊಟ್ಟಿ ಮುರಿಯುತ್ತ ಕೂತಿದ್ದೆ. ಎದುರಿಗಿದ್ದ ಹಿರಿಯರೊಬ್ಬರು, ಯಾರೆಂದು ನನಗೆ ಗುರುತೂ ಸಿಗಲಿಲ್ಲ, ನನ್ನ ತಲೆಯನ್ನೇ ನೋಡಿ ನೋಡಿ, "ಜರ್ಮನ್ಯಾಗ ನೀರು ಭಾಳ ಗಡಸೇನಪಾ? ತಲಿ ಪೂರಾ ಬಯಲಾಗೇತಲ್ಲ" ಅಂದರು. ಪಂಕ್ತಿಯ ಆ ತುದಿಯವರೆಗೂ ನಗು ಹೋಯಿತು. ಮಾದಲಿ ಬಡಿಸುತ್ತಿದ್ದ ಹುಡುಗನೂ ಬಗ್ಗಿ ನೋಡಿದ.

ಒಂಬತ್ತು ವರ್ಷದಿಂದ ಫ್ರಾಂಕ್‌ಫರ್ಟಿನಲ್ಲಿದ್ದೇನೆ. ಅಲ್ಲಿ ಒಬ್ಬನೂ ನನ್ನ ತಲೆಯ ಸುದ್ದಿ ಎತ್ತಿಲ್ಲ. ತಮ್ಮ ತಲೆಯ ಸುದ್ದಿಯನ್ನು ಮಾತ್ರ ಮುಚ್ಚುಮರೆಯಿಲ್ಲದೆ ಆಡುತ್ತಾರೆ. ನನ್ನ ಪಕ್ಕದ ಮೇಜಿನವನು ಹೋದ ವರ್ಷ, ಕೂದಲು ನೆಡಿಸಿಕೊಳ್ಳಲು ಇಸ್ತಾಂಬುಲ್‌ಗೆ ಹೋಗುತ್ತಿದ್ದೇನೆ ಎಂದು ಸೋಮವಾರದ ಮೀಟಿಂಗಿನಲ್ಲೇ ಹೇಳಿದ, ಮನೆಗೆ ಸುಣ್ಣ ಹೊಡೆಸುತ್ತೇನೆ ಅಂದಷ್ಟೇ ಸಲೀಸಾಗಿ. ವಾಪಸ್ ಬಂದಾಗ ನೆತ್ತಿಯ ತುಂಬ ಕೆಂಪು ಚುಕ್ಕೆ, ಒಣಗಿದ ಹಕ್ಕಳೆ. ಸುತ್ತ ನಿಂತು ನೋಡಿದೆವು. ಎಷ್ಟು ಗ್ರಾಫ್ಟ್ (ಬೇರುಸಮೇತ ಕಿತ್ತು ನೆಡುವ ಕೂದಲ ಬುಡ), ಎಷ್ಟು ತಾಸು, ಎಷ್ಟು ದುಡ್ಡು ಎಂದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಊರಿಗೆ ಬರುವಾಗ ನಾನು ಇಸ್ತಾಂಬುಲ್‌ನಲ್ಲೇ ವಿಮಾನ ಬದಲಿಸುವುದು. ಹಣೆಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಗಂಡಸರು ಅಲ್ಲಿ ಆರಾಮಾಗಿ ಕಾಫಿ ಕುಡಿಯುತ್ತ ಕೂತಿರುತ್ತಾರೆ.

ಇನ್ನು ನಮ್ಮ ಕಾಕಾನ ಮಗ. ಮೂರು ಕನ್ಯಾ ನೋಡಿ ಬಂದಿದ್ದ. ಮೂರನೆಯ ಮನೆಯವರು "ಹುಡುಗನ ವಯಸ್ಸು ಖರೇ ಎಷ್ಟು?" ಎಂದು ಯಾರ ಕೈಲೋ ಕೇಳಿಸಿದರಂತೆ. ಅವನಿಗಿನ್ನೂ 29. ದೂರದ ಊರಿನ ಕ್ಲಿನಿಕ್ಕಿಗೆ ಹೋಗಿ, ತಲೆ ಬೋಳಿಸಿಕೊಂಡು ಗುಟ್ಟಾಗಿ ಕೂದಲು ನೆಡಿಸಿಕೊಂಡ. ಮನೆಯಲ್ಲಿ ಹೇಳಿದ್ದು ತಿರುಪತಿ. ಬೋಳಿಸಿದ ತಲೆಗೆ ನಮ್ಮ ಕಡೆ ಇರುವುದು ಎರಡೇ ಕಾರಣ, ಒಂದು ಹರಕೆ, ಇನ್ನೊಂದನ್ನು ಬಾಯಿಬಿಟ್ಟು ಹೇಳಬಾರದು. ಬಾಗಿಲಲ್ಲಿ ಚಿಗವ್ವ ಕೇಳಿದ ಮೊದಲ ಮಾತು, "ಲಾಡು ಎಲ್ಲಿ?" ಅದೊಂದನ್ನು ಅವನು ಯೋಚಿಸಿರಲಿಲ್ಲ. ರೈಲಿನಲ್ಲಿ ಬಿಟ್ಟುಬಂದೆ ಅಂದನಂತೆ. ಪ್ರಸಾದ ಬಿಟ್ಟುಬಂದ ಪಾಪಕ್ಕೆ ಚಿಗವ್ವ ಐದು ಶನಿವಾರ ಉಪವಾಸ ಹಿಡಿದಳು.

ಆ ಉಪವಾಸ ಮುಗಿಯುವ ಹೊತ್ತಿಗೆ ನನಗೊಂದು ವಿಡಿಯೊ ಕಾಲ್ ಬಂತು. ಊರಲ್ಲಿ ಆಗ ನಡುರಾತ್ರಿ. ಬಚ್ಚಲ ಮನೆಯಲ್ಲಿ ನಳ ಬಿಟ್ಟುಕೊಂಡು ಪಿಸುಗುಟ್ಟುತ್ತಿದ್ದ. "ಅಣ್ಣಾ, ನೆಟ್ಟಿದ್ದೆಲ್ಲ ಉದುರಾಕತ್ತೇತಿ." ಉದುರಲೇಬೇಕು ಮಾರಾಯ ಅಂದೆ. ಗಂಗಾವತಿಯ ಗದ್ದೆಯಲ್ಲಿ ನಾಟಿ ಮಾಡಿದ ಸಸಿ ಮೊದಲು ಹಳದಿ ತಿರುಗಿ ಆಮೇಲೆ ಹಸಿರಾಗುವುದಿಲ್ಲವೇ? ನೆಟ್ಟ ಕೂದಲೂ ಮೊದಲ ಕೆಲವು ವಾರದಲ್ಲಿ ಉದುರಿ ಬೇರು ಒಳಗೇ ಉಳಿಯುತ್ತದೆ, ಮೂರು-ನಾಲ್ಕು ತಿಂಗಳಿಗೆ ಹೊಸದು ಹೊರಡುತ್ತದೆ, ಪೂರ್ತಿ ಫಲ ಕಾಣಲು ವರ್ಷ ಬೇಕು. ನನಗೆ ಇದು ಗೊತ್ತಾದದ್ದು ಆಫೀಸಿನ ಊಟದ ಮೇಜಿನಲ್ಲಿ. ಅವನಿಗೆ ಕೇಳಲು ಇಡೀ ಕೊಪ್ಪಳದಲ್ಲಿ ಒಬ್ಬನೂ ಇರಲಿಲ್ಲ. ಮಾಡಿಸಿಕೊಂಡವರು ಇಲ್ಲವೆಂದಲ್ಲ, ಅವರೂ ತಿರುಪತಿಗೇ ಹೋಗಿಬಂದವರು!

ಡಾಕ್ಟರೇ ಮಾಡಿದರಾ ಎಂದು ಕೇಳಿದೆ. "ಡಾಕ್ಟರು ಹಣಿ ಮ್ಯಾಲೆ ಪೆನ್ನಿಲೆ ಗೆರಿ ಎಳದು ಹೋದ್ರು. ಆಮ್ಯಾಲೆ ಹುಡುಗ್ರು." ಚರ್ಮವೈದ್ಯರೋ ಪ್ಲಾಸ್ಟಿಕ್ ಸರ್ಜನ್ನರೋ, ಅಂತೂ ತರಬೇತಿ ಪಡೆದ ವೈದ್ಯರೇ ಇದನ್ನು ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಗುಟ್ಟಾಗಿ ಹೋದವನು ಅದನ್ನು ಯಾರ ಬಳಿ ವಿಚಾರಿಸಬೇಕು? ಫೋನು ಹಿಂದೆ ತಿರುಗಿಸು ಅಂದೆ. ನೆಡುವ ಕೂದಲನ್ನು ಕೀಳುವುದು ಹಿಂದಲೆಯಿಂದ, ಅವನದು ಇಲಿ ಕಡಿದ ಜೋಳದ ಚೀಲದಂತಿತ್ತು. ಹಿಂದಲೆಯ ಕೂದಲನ್ನು ಎಲ್ಲಿ ನೆಟ್ಟರೂ ತನ್ನ ಗುಣ ಬಿಡುವುದಿಲ್ಲ, ಸುಲಭಕ್ಕೆ ಉದುರುವುದಿಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ 1950ರ ದಶಕದಲ್ಲಿ ಇದನ್ನು ತೋರಿಸಿದ ಮೇಲೆಯೇ ಈ ಚಿಕಿತ್ಸೆಗೆ ನೆಲೆ ಸಿಕ್ಕಿದ್ದು. ಆದರೆ ಕಿತ್ತ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಇದ್ದದ್ದೇ ಅಷ್ಟು ಗಂಟು. ಆ ಹುಡುಗರು ಅದನ್ನು ಒಂದೇ ದಿನದಲ್ಲಿ ಬಾಚಿದ್ದರು.

ಅದೂ ಎಂಥ ಊರಿನವನಿಗೆ! ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಮನೆಮನೆಗೂ ಕೂದಲಿನ ಕೆಲಸ. ಗಂಟುಗಂಟಾಗಿ ಬಂದ ಬಾಚಣಿಗೆ ಕೂದಲನ್ನು ಹೆಂಗಸರು ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ ಜುಟ್ಟು ಕಟ್ಟುತ್ತಾರೆ, ಅದು ವಿಗ್ಗಿಗೆಂದು ಹೊರದೇಶಕ್ಕೆ ಹೋಗುತ್ತದೆ. ನಮ್ಮ ಅಮ್ಮ ಬಾಚಿದ ಕೂದಲನ್ನು ಗೋಡೆಯ ಗೂಡಿನಲ್ಲಿ ತುರುಕಿಟ್ಟು, ಕೂದಲಿನವನು ಕೂಗಿದಾಗ ಕೊಟ್ಟು ಸ್ಟೀಲ್ ಲೋಟ ತೆಗೆದುಕೊಂಡದ್ದು ನೆನಪಿದೆ. ಕಂಡವರ ಕೂದಲನ್ನು ತೂಗಿ ಮಾರುವ ಊರಿಗೆ ತನ್ನ ನೆತ್ತಿಯ ವಿಷಯದಲ್ಲಿ ಮಾತ್ರ ಇಷ್ಟು ನಾಚಿಕೆ ಯಾಕೋ.

ಇಸ್ತಾಂಬುಲ್‌ನವರೇನು ಸಾಚಾ ಅಲ್ಲ ಬಿಡಿ. ನನ್ನ ಸಹೋದ್ಯೋಗಿಯ ತಲೆಗೂ ಕೈ ಹಚ್ಚಿದ್ದು ಬಹುಪಾಲು ಟೆಕ್ನೀಷಿಯನ್ನರೇ. ಅವನ ಅದೃಷ್ಟ, ಕೆಲಸ ಚೆನ್ನಾಗಿ ಬಂತು. ಇನ್ನೊಂದು ಮಾತನ್ನು ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ನನಗೆ 26 ಇದ್ದಾಗ ಕೊಪ್ಪಳದ ಕಟಿಂಗ್ ಅಂಗಡಿಯ ಅಜ್ಜ ಕತ್ತರಿ ನಿಲ್ಲಿಸಿ, "ತಮ್ಮಾ, ಸುಳಿ ಅಗಲಾಗಾಕತ್ತೇತಿ, ಯಾರಿಗರ ತೋರಸು" ಅಂದಿದ್ದ. ಸಿಟ್ಟಿಗೆ ಅಂಗಡಿಯನ್ನೇ ಬದಲಿಸಿದೆ. ಫಿನಾಸ್ಟರೈಡ್, ಮಿನಾಕ್ಸಿಡಿಲ್‌ನಂಥ ಕೂದಲುದುರುವಿಕೆಯ ಔಷಧಿ ಕೆಲಸಕ್ಕೆ ಬರುವುದು ಹೆಚ್ಚಾಗಿ ಇದ್ದದ್ದನ್ನು ಉಳಿಸಿಕೊಳ್ಳಲು, ಅಂದರೆ ಆಗ. ಫ್ರಾಂಕ್‌ಫರ್ಟಿನ ಸಲೂನಿನವನು ಒಂಬತ್ತು ವರ್ಷ ನನ್ನ ತಲೆ ಕತ್ತರಿಸಿದ್ದಾನೆ, ಹವಾಮಾನ ಬಿಟ್ಟು ಬೇರೆ ಮಾತಾಡಿಲ್ಲ.

ಈ ಜನವರಿಯಲ್ಲಿ ಅಜ್ಜನ ಅಂಗಡಿಗೆ ಹೋದೆ. ಗುರುತು ಹಿಡಿದ. ನೆತ್ತಿಯ ಮೇಲೆ ಅಂಗೈ ಇಟ್ಟು, "ಹಿಂದ ಚಲೋ ಐತಿ, ಅದನ್ನ ಕಾಯ್ಕೋ" ಅಂದ. ಬ್ಲೇಡು ಬದಲಿಸುತ್ತ ದನಿ ತಗ್ಗಿಸಿ, "ನಿಮ್ಮ ಕಾಕಾನ ಮಗನ ತಲಿ ತಿರುಪತಿದಲ್ಲಂತ ನನಗ ಅವತ್ತ ಗೊತ್ತಾಗಿತ್ತು. ಯಾರ ಮುಂದೂ ಅಂದಿಲ್ಲ."